ಕಿತ್ತೂರಿನಿಂದ ಬಂದ ತಂತಿ

ಬೆಳಕು, ಶಬ್ದ, ವಿದ್ಯುತ್ತು, ತರಂಗ. ಈ ನಾಲ್ಕನ್ನೂ ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ಹದಿನಾರು ವರ್ಷ ಕಲಿಸಿದ್ದೆ. ರೇಡಿಯೊ ತರಂಗಗಳು ಮೇಲೇರಿ, ಆಕಾಶದ ಪದರಕ್ಕೆ ಬಡಿದು, ಮತ್ತೆ ಭೂಮಿಗೆ ಹೇಗೆ ಇಳಿಯುತ್ತವೆ ಎಂದು ಬೋರ್ಡಿನ ಮೇಲೆ ಬಾಣ ಬರೆದು ತೋರಿಸುವಾಗ, ಅವು ನನ್ನನ್ನು ಕೇಳಿಯೇ ಇಳಿಯುತ್ತವೆ ಎಂಬ ಧಾಟಿ ನನ್ನದು. ಹೀಗಾಗಿ ಮನೆಯೊಳಗೇ ಒಂದು ಏರಿಯಲ್ ಕಟ್ಟುವ ಪ್ರಸಂಗ ಬಂದಾಗ ನಾನು ಕಿಂಚಿತ್ತೂ ಅಳುಕಲಿಲ್ಲ. ಅಳುಕಿದ್ದರೆ ಎಷ್ಟೋ ಜನರ ಕಣ್ಣೀರು ಉಳಿಯುತ್ತಿತ್ತು!

ತೊಂಬತ್ತರ ದಶಕದ ಮೊದಮೊದಲ ವರ್ಷಗಳ ಮಾತು. ನಮ್ಮ ಓಣಿಗೆ ಇನ್ನೂ ಫೋನು ಬಂದಿರಲಿಲ್ಲ. ನನ್ನ ಮಾವನವರು ಮನೋಳಿಯಿಂದ ಎರಡನೆಯ ಕಣ್ಣಿನ ಆಪರೇಶನ್ನಿಗೆಂದು ನಮ್ಮ ಮನೆಗೆ ಬಂದಿದ್ದರು. ಮೊದಲ ಕಣ್ಣಿನದು ನಾಲ್ಕು ತಿಂಗಳ ಹಿಂದೆ ಇಲ್ಲಿಯೇ ಆಗಿತ್ತು. ಕನ್ನಡ ಸಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದ ಅವರು ಎಲ್ಲಿಗೆ ಹೋದರೂ ಎರಡು ವಸ್ತು ಬಿಡುತ್ತಿರಲಿಲ್ಲ: ಒಂದು ಲಿಂಗಪೂಜೆಯ ಸಾಮಾನು, ಇನ್ನೊಂದು ಕಂದು ಚರ್ಮದ ಅಂಗಿ ತೊಟ್ಟ ಬ್ಯಾಟರಿ ರೇಡಿಯೊ. ಶಾರ್ಟ್‌ವೇವ್‌ನಲ್ಲಿ ದೂರದ ದೇಶವೊಂದರಿಂದ ಸಂಜೆ ಏಳಕ್ಕೆ ಬರುವ ಹಿಂದಿ ಕಾರ್ಯಕ್ರಮ ಕೇಳದಿದ್ದರೆ ಅವರಿಗೆ ರಾತ್ರಿಯ ರೊಟ್ಟಿ ರುಚಿಸುತ್ತಿರಲಿಲ್ಲ.

ಇಪ್ಪತ್ತು ವರ್ಷ ಸುಮ್ಮನೆ ಕೇಳಿದವರು, ಮೊದಲ ಆಪರೇಶನ್ನಿಗೆ ಬಂದಾಗ ಆ ಕೇಂದ್ರಕ್ಕೆ ಜೀವನದಲ್ಲಿ ಮೊದಲ ಸಲ ಒಂದು ಪತ್ರ ಬರೆದಿದ್ದರು. ಬರುವ ರವಿವಾರ ಅದನ್ನು ಶ್ರೋತೃಗಳ ಪತ್ರಗಳ ಜೊತೆ ಓದುತ್ತೇವೆ ಎಂಬ ಕಾರ್ಡೂ ಬಂದಿತ್ತು. ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ಹೊಸದಾಗಿ ಆಪರೇಶನ್ ಆದ ಕಣ್ಣಿಗೆ ಹಸಿರು ಪಟ್ಟಿಯಿದ್ದರೂ, ಗಳಿಗೆಗೊಮ್ಮೆ ಕಾರ್ಡು ತೆಗೆದು ಸವರಿ ನೋಡುತ್ತಿದ್ದರು.

"ಏನ ಬರದೀರಿ ಮಾವಾರ?" ಎಂದು ಕೇಳಿದೆ.

"ಓದಿದಾಗ ತಿಳೀತೈತಿ ಬಿಡ್ರಿ," ಎಂದು ನಾಚಿಕೊಂಡರು. ಆಮೇಲೆ ಮೆಲ್ಲಗೆ, "ಆ ದನಿಯೊಳಗ ನನ್ನ ಹೆಸರು ಒಮ್ಮೆ ಕೇಳಬೇಕ್ರಿ ಅಳಿಯಂದ್ರ. ಅಷ್ಟ ಆಸೆ," ಎಂದರು.

ಅಡಚಣೆ ಒಂದೇ. ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ ಆ ರೇಡಿಯೊ ಬಾಯಿ ಬಿಟ್ಟರೆ ಬರುತ್ತಿದ್ದದ್ದು ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂಥ ಸದ್ದು ಮಾತ್ರ. ನನ್ನ ಹೆಂಡತಿ ಗಿರಿಜಾ ಅಡಿಗೆಮನೆಯಿಂದಲೇ ಪರಿಹಾರ ಹೇಳಿದಳು.

"ಹೊರಗ ಕಟ್ಟಿ ಮ್ಯಾಲ ಇಟ್ಟ ಕೇಳ್ರಲ್ಲ. ಅದಕ್ಕೇನ ಲಗ್ನದ ತಯಾರಿ ಆಗಬೇಕೇನು?"

"ಧೂಳಿನ್ಯಾಗ ಕುಂದ್ರಬಾರದು ಅಂತ ಡಾಕ್ಟರು ಹೇಳ್ಯಾರ," ಎಂದು ಅವಳ ಬಾಯಿ ಮುಚ್ಚಿಸಿದೆ. ಡಾಕ್ಟರು ಹೇಳಿದ್ದು ಮೊದಲ ವಾರಕ್ಕೆ. ಅಂದು ಹತ್ತನೆಯ ದಿನ. ನಿಜ ಹೇಳಬೇಕೆಂದರೆ ನನಗೆ ಏರಿಯಲ್ ಕಟ್ಟುವ ಆಸೆ ಹುಟ್ಟಿಬಿಟ್ಟಿತ್ತು. ಹದಿನಾರು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಒಮ್ಮೆಯಾದರೂ ಕೈಯಿಂದ ಮಾಡಿ, ಅದೂ ಮಾವನವರ ಮುಂದೆ, ತೋರಿಸಬೇಕಿತ್ತು.

ಮಾಳಿಗೆಯ ಮೇಲೆ ಕಟ್ಟೋಣವೆಂದರೆ ಮನೆಯ ಮಾಲಕರಾದ ಗುರಪ್ಪಜ್ಜ ಒಪ್ಪಲಿಲ್ಲ. ಅಲ್ಲಿ ಅವರ ಮೆಣಸಿನಕಾಯಿ ಒಣಗುತ್ತಿದ್ದವು. "ತಂತಿ ಕಟ್ಟಿ ಸಿಡ್ಲ ಬಡಿಸಿಕೊಳ್ಳೂದು ನನಗ ಬೇಕಾಗಿಲ್ರಿ ಮಾಸ್ತರ. ಗ್ವಾಡಿಗೆ ಮೊಳಿನೂ ಹೊಡೀಬ್ಯಾಡ್ರಿ," ಎಂದು ಕಟ್ಟಪ್ಪಣೆ ಮಾಡಿದರು. ಆದಕಾರಣ ಮನೆಯೊಳಗೆ, ಗೋಡೆ ಮುಟ್ಟದೆ, ತನ್ನ ಕಾಲ ಮೇಲೆ ತಾನೇ ನಿಲ್ಲುವ ಒಂದು ಏರಿಯಲ್ಲನ್ನು ನಿರ್ಮಿಸಲು ನಾನು ನಿರ್ಧರಿಸಿದೆ. ನಾಲ್ಕು ಬಿದಿರು ಕಂಬ, ಮೇಲೆ ಕೆಳಗೆ ಅಡ್ಡ ಬಿದಿರು, ಸುತ್ತಲೂ ತಾಮ್ರದ ತಂತಿ, ನಡುವೆ ರೇಡಿಯೊ. ಪುಸ್ತಕದ ಚಿತ್ರದಲ್ಲಿ ಅದು ಒಂದು ಹಣ್ಣಿನ ಬುಟ್ಟಿಯಷ್ಟಿತ್ತು. ದೊಡ್ಡದಾದಷ್ಟೂ ಹೆಚ್ಚು ಹಿಡಿದೀತು ಎಂದು ನಾನೇ ತರ್ಕಿಸಿ ಐದಡಿ ಎತ್ತರ ಎಂದು ಗೊತ್ತುಮಾಡಿದೆ.

ಮೊದಲ ಪ್ರಯೋಗಕ್ಕೆ ಪಡಸಾಲೆಯಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೇ ಬಿಚ್ಚಿದೆ. ಅದರ ಮೇಲೆ ಗಿರಿಜಾಳ ಎರಡು ಇಳಕಲ್ ಸೀರೆಗಳಿದ್ದದ್ದು ಅವು ನೆಲಕ್ಕೆ ಬಿದ್ದ ಮೇಲೆ ಗಮನಕ್ಕೆ ಬಂತು. "ಇನ್ನೊಮ್ಮೆ ಇಂಥಾ ಉಪದ್ವ್ಯಾಪ ಮಾಡಿದ್ರ ನಾ ಅಪ್ಪನ ಕರಕೊಂಡ ಮನೋಳಿಗೆ ಹೋಗತೇನಿ ನೋಡ್ರಿ!" ಎಂದಳು. ಅಂದಿನಿಂದ ಏರಿಯಲ್ಲಿನ ಕಾರ್ಯ ಗುಪ್ತವಾಗಿ ಮುಂದುವರಿಯಿತು.

ಕಿತ್ತೂರಿನಲ್ಲಿ ನನ್ನ ಬಾಲ್ಯದ ಗೆಳೆಯ ಪರಸಪ್ಪ ಪಂಪಸೆಟ್ಟಿನ ಮೋಟರು ವೈಂಡಿಂಗ್ ಮಾಡುತ್ತಿದ್ದ. ಸಂತೆಗೆ ಬಂದಾಗ ಸಿಕ್ಕವನು, "ರವಿವಾರ ಹನ್ನೊಂದರ ಬಸ್ಸಿಗೆ ಕಂಡಕ್ಟರನ ಕೈಯಾಗ ತಾಮ್ರದ ತಂತಿ ಕಳಸತೇನಿ, ಸ್ಟ್ಯಾಂಡಿನ ಚಹಾದಂಗಡ್ಯಾಗ ಇಸಗೋ," ಎಂದಿದ್ದ. ನಾನು ಚಹಾದಂಗಡಿಯವನಿಗೆ ಮುಂಚೆಯೇ ಹೇಳಿಟ್ಟೆ: "ಕಿತ್ತೂರಿಂದ ನನಗೊಂದ ತಂತಿ ಬರೋದೈತಿ. ಬಂದ ಕೂಡಲೆ ಮನಿಗೆ ಹೇಳಿ ಕಳಸ್ರಿ."

ಈ ಒಂದು ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ.

ರವಿವಾರ ಮುಂಜಾನೆ ನಾನು ಬಿದಿರು ತರಲು ಬುಟ್ಟಿ ಹೆಣೆಯುವವರ ಓಣಿಗೆ ಹೋಗಿದ್ದೆ. ಅತ್ತ ಬಸ್ಸು ಬಂತು. ಚಹಾದಂಗಡಿಯವನು ಪ್ರಾಮಾಣಿಕ ಮನುಷ್ಯ. ಚಹಾ ಕುಡಿಯುತ್ತಿದ್ದ ನಮ್ಮ ಪಕ್ಕದ ಮನೆಯ ಈರಪ್ಪಣ್ಣನಿಗೆ, "ಮಾಸ್ತರಿಗೆ ಕಿತ್ತೂರಿಂದ ತಂತಿ ಬಂದೈತ್ರಿ, ಲಗೂನ ಹೇಳ್ರಿ," ಎಂದ. ಈರಪ್ಪಣ್ಣ ಅರ್ಧ ಚಹಾ ಅಲ್ಲಿಯೇ ಬಿಟ್ಟು ಎದ್ದ.

ಆ ಕಾಲದಲ್ಲಿ ಮನೆಗೆ ತಂತಿ, ಅಂದರೆ ಟೆಲಿಗ್ರಾಂ, ಬಂತೆಂದರೆ ಯಾರೂ ಅದನ್ನು ಒಡೆದು ಓದುತ್ತಿರಲಿಲ್ಲ. ಮೊದಲು ಅತ್ತು, ಆಮೇಲೆ ಓದುತ್ತಿದ್ದರು. ಕಿತ್ತೂರಿನಲ್ಲಿ ನನ್ನ ಸೋದರತ್ತೆ ಬಾಳವ್ವ ಇದ್ದಳು. ಎಪ್ಪತ್ತೈದು ದಾಟಿದಾಕೆ, ಹಿಂದಿನ ಚಳಿಗಾಲದಲ್ಲಿ ದಮ್ಮಿನಿಂದ ಹಾಸಿಗೆ ಹಿಡಿದಿದ್ದಳು. "ತಂಗೀ, ಕಿತ್ತೂರಿಂದ ತಂತಿ ಬಂದೈತಿ," ಎಂದು ಈರಪ್ಪಣ್ಣ ತಲೆಯ ಮೇಲಿನ ಟೊಪ್ಪಿಗೆ ತೆಗೆದು ಹೇಳಿದ ಕೂಡಲೆ ಗಿರಿಜಾ ಹಿಟ್ಟಿನ ಕೈಯಲ್ಲೇ ನೆಲಕ್ಕೆ ಕುಸಿದಳಂತೆ. ತಂತಿ ಟಪಾಲು ಕಚೇರಿ ಬಿಟ್ಟು ಚಹಾದಂಗಡಿಗೆ ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ. ಒಳಗಿನ ಕೋಣೆಯಲ್ಲಿ ಮಲಗಿದ್ದ ಮಾವನವರಿಗೆ ಮಾತ್ರ ಏನೋ ಸಂಶಯ ಬಂದಿತ್ತಂತೆ. ಆದರೆ ಅಷ್ಟು ಹೊತ್ತಿಗೆ ಓಣಿಯ ಹೆಂಗಸರೆಲ್ಲ ಕೂಡಿದ್ದರು. ಆ ಗದ್ದಲದಲ್ಲಿ ಅವರ ಮಾತು ಯಾರಿಗೂ ಕೇಳಿಸಲಿಲ್ಲ. ಈರಪ್ಪಣ್ಣನಂತೂ, "ನಾ ಮುಂದ ಹೋಗಿರತೇನಿ, ನೀವು ಹಿಂದ ಬರ್ರಿ," ಎಂದು ಒಂದು ಹೂವಿನ ಹಾರ ಕೊಂಡು ಹನ್ನೆರಡರ ಬಸ್ಸಿಗೆ ಕಿತ್ತೂರಿಗೆ ಹೊರಟೇಬಿಟ್ಟ.

ನಮ್ಮಲ್ಲಿ ಹಿರಿಯರು ತೀರಿಕೊಂಡರೆ ಬಿದಿರಿನ ವಿಮಾನ ಕಟ್ಟಿ, ಅದರೊಳಗೆ ಕುಳ್ಳಿರಿಸಿ ಹೊತ್ತೊಯ್ಯುತ್ತಾರೆ. ಮಣ್ಣಿಗೆ ಹೋದವರೆಲ್ಲ ಒಂದೊಂದು ಹಿಡಿ ಮಣ್ಣು ಕೊಡುತ್ತಾರೆ. ಇದು ಎಲ್ಲರಿಗೂ ಗೊತ್ತು. ನನಗೂ ಗೊತ್ತು. ಆದರೆ ಮಧ್ಯಾಹ್ನ ಹೆಗಲ ಮೇಲೆ ಹಸಿ ಬಿದಿರು, ಬಗಲಲ್ಲಿ ಚಹಾದಂಗಡಿಯಿಂದ ಇಸಿದುಕೊಂಡ ತಂತಿಯ ಚೀಲ ಹೊತ್ತು ಓಣಿಯ ಬಾಯಿಗೆ ಬಂದಾಗ ನನ್ನ ತಲೆಯಲ್ಲಿ ತರಂಗಗಳ ಹೊರತು ಬೇರೇನೂ ಇರಲಿಲ್ಲ. ಬಾಗಿಲ ಮುಂದೆ ಜನ ಕಂಡರು. ಏರಿಯಲ್ಲಿನ ಸುದ್ದಿ ಹೇಗೋ ಹಬ್ಬಿ ನೋಡಲು ಬಂದಿದ್ದಾರೆ ಎಂದುಕೊಂಡೆ. ಹೆಮ್ಮೆಯಾಯಿತು!

ಗುರಪ್ಪಜ್ಜ ಎದುರು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. "ಎಷ್ಟೊತ್ತಿಗೆ ಆತ್ರಿ ಮಾಸ್ತರ?"

"ಹನ್ನೊಂದರ ಬಸ್ಸಿನ್ಯಾಗ ಆತ್ರಿ."

"ಬಸ್ಸಿನ್ಯಾಗ?" ಅಜ್ಜ ನನ್ನ ಭುಜದ ಮೇಲಿನ ಕೈ ತೆಗೆದು ಕೋಲು ಊರಿ ನಿಂತರು.

"ಹೌದ್ರಿ. ಕಂಡಕ್ಟರ ಶ್ಯಾಣ್ಯಾ ಅದಾನ. ಸೀಟಿನ ಬುಡಕ ತುರುಕಿ ತಂದಾನ."

ಹೆಂಗಸರಲ್ಲಿ ಯಾರೋ "ಯವ್ವಾ ನನ್ನವ್ವಾ" ಎಂದು ಸೆರಗು ಬಾಯಿಗೆ ಒತ್ತಿಕೊಂಡರು. ಅಜ್ಜ ಸಾವರಿಸಿಕೊಂಡು ಬಿದಿರಿನ ಕಡೆ ನೋಡಿದರು. "ಕಟ್ಟಾಕ ಮಂದಿಗೆ ಹೇಳೀರೇನ?"

"ಯಾರೂ ಬ್ಯಾಡ್ರಿ. ನಾನ ಕಟ್ಟತೇನಿ. ಎತ್ತಿ ತಿರಗಸಾಕ ನಾಕ ಮೂಲಿಗೆ ನಾಕ ಮಂದಿ ಆದ್ರ ಸಾಕು."

"ಎಲ್ಲಿ ಕಟ್ಟತೀರಿ?"

"ನಿಮ್ಮ ಪಡಸಾಲ್ಯಾಗ."

ತಮ್ಮ ಮನೆಯ ಪಡಸಾಲೆ ಎಂದದ್ದು ಅಜ್ಜನಿಗೆ ಹಿಡಿಸಲಿಲ್ಲ ಎಂದು ಮುಖ ಹೇಳಿತು. ಆದರೂ ಹಿರಿಯರು, ನುಂಗಿಕೊಂಡರು. "ಇರ್ಲಿ. ಮಣ್ಣು ಎಲ್ಲಿ ಕೊಡ್ತೀರಿ?"

ನಾನು ಬೆರಗಾದೆ. ರೇಡಿಯೊಕ್ಕೆ ಏರಿಯಲ್ ಇದ್ದಂತೆ ಮಣ್ಣಿಗೂ ಒಂದು ತಂತಿ ಕೊಡಬೇಕು. ಅರ್ತಿಂಗ್ ಎಂಬ ಆ ಸೂಕ್ಷ್ಮ ಈ ಅಜ್ಜನಿಗೂ ಗೊತ್ತಿದೆಯಲ್ಲ! ಸಂತೋಷದಿಂದ ಹೇಳಿದೆ: "ಬಚ್ಚಲದಾಗ ಕೊಡತೇನ್ರಿ. ಅಲ್ಲಿ ಯಾವಾಗ್ಲೂ ಹಸಿ ಇರತೈತಿ."

"ನನ್ನ ಮನಿ ಬಚ್ಚಲದಾಗ?" ಗುರಪ್ಪಜ್ಜ ಕೋಲು ಎತ್ತಿದರು. "ಮಾಸ್ತರ, ದುಃಖದಾಗ ತಲಿ ಕೆಟ್ಟೈತೇನ್ರಿ ನಿಮಗ!"

ಆಗ ಗಿರಿಜಾ ಕೆಂಪಾದ ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದಳು. "ರೀ, ಅತ್ತಿ ಹೋದ್ರು, ನೀವು ಏನ ಮಾತಾಡಾಕ ಹತ್ತೀರಿ?"

"ಯಾವ ಅತ್ತಿ? ಎಲ್ಲಿಗೆ ಹೋದ್ಲು?"

"ಕಿತ್ತೂರಿಂದ ತಂತಿ ಬಂದೈತಲ್ರಿ!"

"ಬಂದೈತಲ್ಲ. ಇಲ್ಲೇ ಐತಿ," ಎಂದು ಚೀಲದಿಂದ ತಂತಿಯ ಸುರುಳಿ ತೆಗೆದು ಎಲ್ಲರ ಮುಂದೆ ಎತ್ತಿ ಹಿಡಿದೆ. ಹೊಸ ತಾಮ್ರ, ಬಿಸಿಲಿಗೆ ಫಳಫಳ ಹೊಳೆಯಿತು. ಓಣಿಗೆ ಓಣಿಯೇ ಸುಮ್ಮನಾಯಿತು. ಅಷ್ಟು ನಿಶ್ಶಬ್ದ ನನ್ನ ಕ್ಲಾಸಿನಲ್ಲಿ ಒಂದು ದಿನವೂ ಆದದ್ದಿಲ್ಲ.

ಮುಂದಿನ ಹತ್ತು ನಿಮಿಷ ನನಗೆ ಆದ ಸತ್ಕಾರದ ವಿವರ ಬೇಡ. ಎಲ್ಲರೂ ಬೈದರು. ಬೈಯದವಳು ಗಿರಿಜಾ ಒಬ್ಬಳೇ. ಅವಳು ಒಳಗೆ ಹೋಗಿ ಮತ್ತೆ ಅಳತೊಡಗಿದ್ದಳು.

"ಅತ್ತಿ ಆರಾಮ ಅದಾಳ, ಇನ್ನ್ಯಾಕ ಅಳತಿ?" ಎಂದೆ.

"ಅದಕ್ಕ ಅಳಾಕ ಹತ್ತೇನಿ," ಎಂದಳು. "ತಂತಿ ಅಂದ ಕೂಡಲೆ ನನಗ ಏನ ನೆನಪಾತು ಗೊತ್ತೈತೇನ್ರಿ? ಹೋದ ಸಲ ಹೋದಾಗ ಆಕಿ ಬಸ್ಸಿನ ತನಕ ಬಂದು, ಹುರಿದ ಜ್ವಾಳದ ಅಳ್ಳಿನ ಗಂಟು ಕೊಟ್ಟಿದ್ಲು. ಆ ಗಂಟ ಕಟ್ಟಿದ್ದ ಅರಬಿ ಇನ್ನೂ ನಮ್ಮನ್ಯಾಗ ಐತಿ. ತಿರುಗಿ ಕೊಡಾಕ ನಾವು ಹೋಗೇ ಇಲ್ಲ. ಎರಡ ವರ್ಷ ಆತು."

ಹೈಸ್ಕೂಲಿನ ಮೂರು ವರ್ಷ ನಾನು ಬಾಳವ್ವ ಅತ್ತೆಯ ಮನೆಯ ರೊಟ್ಟಿ ತಿಂದು ಓದಿದವನು. ಪರೀಕ್ಷೆಯ ದಿನಗಳಲ್ಲಿ ನಾನು ಗಟ್ಟಿಯಾಗಿ ಪಾಠ ಓದುತ್ತಿದ್ದರೆ, ಒಂದಕ್ಷರ ತಿಳಿಯದಿದ್ದರೂ ಎದುರಿಗೆ ಕುಳಿತು ತಲೆದೂಗುತ್ತ ಕೇಳುತ್ತಿದ್ದಳು. ಬೈಲಹೊಂಗಲದಿಂದ ಕಿತ್ತೂರಿಗೆ ಬಸ್ಸು ಬೇಕಾದಷ್ಟು. ಹೋಗಬೇಕು ಹೋಗಬೇಕು ಎನ್ನುತ್ತಲೇ ಎರಡು ವರ್ಷ ಕಳೆದಿದ್ದೆ. ಅವಳು ಸತ್ತಳೆಂಬ ಸುಳ್ಳು ಸುದ್ದಿಗೆ ನನ್ನ ಮನೆಯಲ್ಲಿ ಅಳಲು ಒಬ್ಬರಾದರೂ ಇದ್ದರಲ್ಲ ಎಂದು ಸಮಾಧಾನವೂ ಆಯಿತು, ಆ ಒಬ್ಬರು ನಾನಾಗಿರಲಿಲ್ಲ ಎಂದು ನಾಚಿಕೆಯೂ ಆಯಿತು.

ಆದರೂ ಏಳು ಗಂಟೆ ಯಾರಿಗೂ ಕಾಯುವುದಿಲ್ಲ. ಒಳಗಿನ ಕೋಣೆಯಿಂದ ಮಾವನವರು, "ಅಳಿಯಂದ್ರ, ಹೊತ್ತೆಷ್ಟಾತ್ರಿ?" ಎಂದು ಮೂರು ಸಲ ಕೇಳಿದ್ದರು. ನಾನು ತೋಳೇರಿಸಿದೆ. ಬಿದಿರು ಕಡಿದೆ, ಕಟ್ಟಿದೆ, ಬೆರಳು ಕಡಿದುಕೊಂಡೆ, ಅದನ್ನೂ ಕಟ್ಟಿದೆ. ಸಂಜೆ ಐದೂವರೆಗೆ ಪಡಸಾಲೆಯ ನಡುವೆ ಐದಡಿ ಎತ್ತರದ ಬಿದಿರಿನ ಚೌಕಟ್ಟು, ತಾಮ್ರದ ತಂತಿ ಸುತ್ತಿಕೊಂಡು, ಸಕಲ ಗಾಂಭೀರ್ಯದಿಂದ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಗುರಪ್ಪಜ್ಜ, "ಹೂವೊಂದ ಕಡಿಮಿ ಅದಾವ ನೋಡ್ರಿ," ಎಂದರು.

ಹೂವೂ ಬಂದವು! ಈರಪ್ಪಣ್ಣ ಕಿತ್ತೂರಿನಿಂದ ಮರಳಿದ್ದ. ಅವನ ಹಿಂದೆ, ಕೈಯಲ್ಲಿ ಅದೇ ಹಾರ ಹಿಡಿದುಕೊಂಡು, ಸಾಕ್ಷಾತ್ ಬಾಳವ್ವ ಅತ್ತೆ!

ಈರಪ್ಪಣ್ಣ ಕಿತ್ತೂರಿನ ಮನೆಗೆ ಹೋದಾಗ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದ ಮುದುಕಿಯನ್ನೇ, "ಬಾಳವ್ವನ್ನ ಎಲ್ಲಿ ಇಟ್ಟಾರ್ರಿ?" ಎಂದು ಕೇಳಿದನಂತೆ. "ಇಲ್ಲೇ ಇಟ್ಟಾರಪಾ, ಕುಂದ್ರ ಬಾ," ಎಂದಳಂತೆ ಅತ್ತೆ.

"ನಾ ಸತ್ರ ನಿಮ್ಮನ್ಯಾಗ ಏನೇನ ನಡೀತೈತಿ ಅಂತ ನೋಡಿ ಹೋಗೂನು ಅಂತ ಬಂದ್ನೋ ತಮ್ಮಾ," ಎಂದು ಅತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಬಿದಿರಿನ ಚೌಕಟ್ಟಿನ ಸುತ್ತ ಒಂದು ಸುತ್ತು ಹಾಕಿ ನೋಡಿದಳು. ಆಮೇಲೆ ಸೆರಗು ಸರಿಪಡಿಸಿಕೊಂಡು, ರೇಡಿಯೊ ಇಡಲೆಂದು ನಾನು ನಡುವೆ ಇಟ್ಟಿದ್ದ ಮಣೆಯ ಮೇಲೆ ಹೋಗಿ ಕುಳಿತುಬಿಟ್ಟಳು. "ವಿಮಾನ ಚಂದ ಕಟ್ಟೀದಿ. ತುಸು ಬಿಗಿ ಆತು, ಇರ್ಲಿ."

ಮುಂಜಾನೆ ಅತ್ತವರೆಲ್ಲ ಈಗ ನಕ್ಕರು. ಗಿರಿಜಾ ಓಡಿ ಬಂದು ಅವಳ ಕಾಲು ಹಿಡಿದಳು. ನಾನೂ ಬಗ್ಗಿದೆ, ಅಡ್ಡ ಬಿದಿರು ಹಣೆಗೆ ಬಡಿಯಿತು. "ಖರೇ ಹೇಳೋ, ಏನಿದು?" ಎಂದು ಅತ್ತೆ ಕೇಳಿದಾಗ, ಸಾವಿರಾರು ಮೈಲಿ ದೂರದ ದನಿ ಹಿಡಿಯುವ ಏರಿಯಲ್ಲು ಎಂದು ವಿವರಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಅಷ್ಟ ದೂರದ ಸುದ್ದಿಗೆ ಬಿದರು ಕಟ್ಟೀದಿ. ಕಿತ್ತೂರ ಸುದ್ದಿಗೆ ಒಂದ ಕಾರ್ಡ ಹಾಕಿದ್ರ ಸಾಕಿತ್ತಲ್ಲೋ."

ನಾನು ರೇಡಿಯೊದ ಬಿರಡೆ ತಿರುಗಿಸುವುದರಲ್ಲಿ ಮಗ್ನನಾದಂತೆ ಮಾಡಿದೆ.

ಆರೂವರೆಗೆ ಅಧಿಕೃತ ಪ್ರಯೋಗ ಆರಂಭವಾಯಿತು. ಮಾವನವರು ಕುರ್ಚಿಯಲ್ಲಿ ಕೈಕಟ್ಟಿ ಕುಳಿತರು, ಹೊಸ ಧೋತರ ಉಟ್ಟಿದ್ದರು. ತಂತಿಯನ್ನು ರೇಡಿಯೊಕ್ಕೆ ಸಿಕ್ಕಿಸಿದ್ದೇ ತಡ, ಗಟ್ಟಿಯಾದ, ಸ್ಪಷ್ಟವಾದ ದನಿ ಬಂತು! "ಹತ್ತಿಗೆ ಬೀಳುವ ಹೇನಿನ ಹತೋಟಿಗೆ ರೈತಬಾಂಧವರು..."

ನಮ್ಮ ಹತ್ತಿರದ ಕೇಂದ್ರದ ಕೃಷಿ ಕಾರ್ಯಕ್ರಮ. ಮುಳ್ಳನ್ನು ಎಡಕ್ಕೆ ತಿರುಗಿಸಿದೆ: ಹತ್ತಿಯ ಹೇನು. ಬಲಕ್ಕೆ: ಅದೇ ಹೇನು. ಶಾರ್ಟ್‌ವೇವ್ ಒಂದು, ಎರಡು, ಎಲ್ಲೆಲ್ಲೂ ಹೇನೇ ಹೇನು! ಏರಿಯಲ್ ದೊಡ್ಡದಾಗಿ ಹತ್ತಿರದ ದನಿಯೊಂದನ್ನೇ ಗಬಗಬ ನುಂಗಿ ದೂರದ್ದಕ್ಕೆ ಜಾಗವನ್ನೇ ಬಿಟ್ಟಿರಲಿಲ್ಲ. ದಿಕ್ಕು ಬದಲಿಸಿದರೆ ಸರಿಹೋದೀತೆಂದು ನಾಲ್ಕು ಮೂಲೆಗೆ ನಾಲ್ಕು ಜನರನ್ನು ನಿಲ್ಲಿಸಿ ಚೌಕಟ್ಟನ್ನು ಎತ್ತಿಸಿ ಪೂರ್ವಕ್ಕೆ ತಿರುಗಿಸಿದೆ. ಗೋಡೆಯ ಸುಣ್ಣ ಉದುರಿತು. ಉತ್ತರಕ್ಕೆ ತಿರುಗಿಸಿದೆ. ಗುರಪ್ಪಜ್ಜನ ಕಾಲು ಸಿಕ್ಕಿತು. "ಭುಜಾ ಬದ್ಲಿ ಮಾಡ್ರಿ," ಎಂದ ಈರಪ್ಪಣ್ಣ, ಅಭ್ಯಾಸಬಲದಿಂದ.

ಏಳಕ್ಕೆ ಐದು ನಿಮಿಷ. ಮಾವನವರು ಕುರ್ಚಿಯಿಂದ ತುಸು ಮುಂದೆ ಬಗ್ಗಿದರು. "ಇರ್ಲಿ ಬಿಡ್ರಿ ಅಳಿಯಂದ್ರ, ಅವರು ಓದತಾರಲ್ಲ, ಅ‌ಷ್ಟ ಸಾಕು," ಎಂದು ಜೇಬಿನ ಕಾರ್ಡು ಮುಟ್ಟಿಕೊಂಡರು. ನನಗೆ ಅವರ ಮುಖ ನೋಡಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲು, ಸೆಕೆ, ಬಿದಿರು. ಎಲ್ಲರೂ ತಡಕಾಡುತ್ತ ಹೊರಗೆ ಬಂದರು. ಗಿರಿಜಾ ರೇಡಿಯೊಕ್ಕೆ ಸಿಕ್ಕಿಸಿದ್ದ ಏರಿಯಲ್ಲಿನ ತಂತಿ ಕಿತ್ತಳು, ಒಂದು ಕೈಯಲ್ಲಿ ಅದನ್ನೂ ಇನ್ನೊಂದರಲ್ಲಿ ಅಪ್ಪನನ್ನೂ ಹಿಡಿದು ಹೊರಗಿನ ಕಟ್ಟೆಯ ಮೇಲೆ ಕೂರಿಸಿದಳು. ರೇಡಿಯೊದ ಸ್ವಂತ ಕಡ್ಡಿಯನ್ನು ಎಳೆದು ಉದ್ದ ಮಾಡಿದಳು. ಮುಳ್ಳು ತುಸು ಸರಿಸಿದಳು.

"ನಮಸ್ಕಾರ್," ಎಂದಿತು ರೇಡಿಯೊ. ಪಕ್ಕದ ಮನೆಯಿಂದ ಮಾತಾಡಿದಷ್ಟು ಹತ್ತಿರ!

ಎರಡು ಪತ್ರಗಳಾದ ಮೇಲೆ ಆ ಹೆಣ್ಣುದನಿ ಮನೋಳಿಯ ಹೆಸರು ಹೇಳಿತು, ಮಾವನವರ ಹೆಸರು ಹೇಳಿತು. ಮಾವನವರು ಕುಳಿತಲ್ಲೇ ನೆಟ್ಟಗಾದರು, ಸಾಲೆಗೆ ಸಾಹೇಬರು ಬಂದಾಗ ನಿಲ್ಲುವಂತೆ. "ಏನ ಅಂತಾಳೋ ಆಕಿ? ನನಗೂ ಹೇಳೋ ತಮ್ಮಾ," ಎಂದಳು ಅತ್ತೆ. ನನಗೆ ಹಿಂದಿ ಬರುತ್ತದೆ. ಹೆಮ್ಮೆಯಿಂದ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳತೊಡಗಿದೆ:

"ಇಪ್ಪತ್ತ ವರ್ಷದಿಂದ ನಿಮ್ಮ ಕಾರ್ಯಕ್ರಮ ಕೇಳತೇನಿ... ನಮ್ಮ ಊರಾಗ ರೇಡಿಯೊ ಚಲೋ ಹಿಡೀತೈತಿ... ಕಣ್ಣಿನ ಆಪರೇಶನ್ನಿಗೆ ಮಗಳ ಮನಿಗೆ ಬಂದೇನಿ, ಇಲ್ಲಿ ಒಳಗ ಏನೂ ಹಿಡಿಯೂದಿಲ್ಲ... ನನ್ನ ಅಳಿಯ ವಿಜ್ಞಾನದ ಮಾಸ್ತರ..."

ಅಲ್ಲಿಗೆ ನನ್ನ ಅನುವಾದ ನಿಂತಿತು. ಹೆಡ್‌ಮಾಸ್ತರರ ಮಗಳಿಗೂ ಹಿಂದಿ ಬರುತ್ತದೆ. ಗಿರಿಜಾ ಮುಂದುವರಿಸಿದಳು: "ಅವರನ್ನ ಕೇಳಿದ್ರ, ಉತ್ತರ ಗೊತ್ತಿರದಿದ್ರ ಅವರಿಗೆ ಕೆಟ್ಟ ಅನಸತೈತಿ. ಭಾಳ ಒಳ್ಳೆ ಮನುಷ್ಯ. ಅದಕ್ಕ ನಿಮಗ ಕೇಳತೇನಿ, ಏನ ಮಾಡಬೇಕು?"

ರೇಡಿಯೊದ ಹೆಣ್ಣುಮಗಳು ಮೃದುವಾಗಿ ನಕ್ಕು ಉತ್ತರ ಹೇಳಿದಳು. ಗಿರಿಜಾ ಅದನ್ನೂ ಬಿಡಲಿಲ್ಲ. "ಯಾವ ತಂತೀನೂ ಬ್ಯಾಡ. ರೇಡಿಯೊ ಮನಿ ಹೊರಗ ತಂದಿಟ್ಟ ಕೇಳ್ರಿ. ನಿಮ್ಮ ಅಳಿಯಂದ್ರಿಗೆ ನಾವು ಏನೂ ಹೇಳೂದಿಲ್ಲ."

ಕಟ್ಟೆಯ ಮೇಲೆ ನಗೆಯೋ ನಗೆ! ಭೂಮಿಯ ಅರ್ಧಭಾಗ ಕೇಳಿದ ಗುಟ್ಟು ಅದು. ಮಾವನವರು ಮಾತ್ರ ನಗಲಿಲ್ಲ. ನನ್ನ ಕೈ ಹುಡುಕಿ ಹಿಡಿದುಕೊಂಡರು. "ನಿಮಗ ತಿಳೀಬಾರದು ಅಂತಿದ್ರ ನಾ ಹೆಸರು ಬರೀಬಾರದಿತ್ರಿ. ಆದ್ರ ಹೆಸರು ಕೇಳೋ ಆಸೆ," ಎಂದರು. ಹಸಿರು ಪಟ್ಟಿಯ ಕೆಳಗೆ ಕೆನ್ನೆ ಒದ್ದೆಯಾಗಿತ್ತು. ಅಳಬಾರದು ಎಂದು ಡಾಕ್ಟರು ಹೇಳಿದ್ದರು. ಈ ಸಲ ನಾನು ಡಾಕ್ಟರ ಹೆಸರು ಎತ್ತಲಿಲ್ಲ.

ಮರುದಿನ ಹೊರಡುವಾಗ ಅತ್ತೆ, "ಆ ಬಿದರಿಂದು ಶಾವಿಗಿ ಒಣಹಾಕಾಕ ಚಲೋ ಆಗತೈತಿ. ನೀನ ತಂದಕೊಡಬೇಕು. ಕಂಡಕ್ಟರನ ಕೈಯಾಗ ಕಳಸಿಗಿಳಿಸೀ!" ಎಂದು ಬೆರಳು ತೋರಿಸಿ ಹೋದಳು. ಮುಂದಿನ ರವಿವಾರ ತಂತಿ ಬಿಚ್ಚಿ, ಆ ಚೌಕಟ್ಟನ್ನೂ ಅಳ್ಳಿನ ಗಂಟಿನ ಬಟ್ಟೆಯನ್ನೂ ಹೊತ್ತು ನಾನು ಬಸ್ ಸ್ಟ್ಯಾಂಡಿಗೆ ಹೋದೆ. ಬಿದಿರನ್ನು ಬಸ್ಸಿನ ಟಾಪಿಗೆ ಏರಿಸುವಾಗ ಕಂಡಕ್ಟರ ಹಾರನ್ ನಿಲ್ಲಿಸಲು ಡ್ರೈವರನಿಗೆ ಕೈಮಾಡಿ, ಮೆಲ್ಲಗೆ ಕೇಳಿದ:

"ಯಾರ ಹೋದ್ರೀ ಮಾಸ್ತರ?"

"ಯಾರೂ ಇಲ್ಲಪಾ," ಎಂದೆ. "ಎರಡ ವರ್ಷದ ಮ್ಯಾಲ, ನಾನ ಹೊಂಟೇನಿ."